ಬೂಸ್ಟ್ ಆಫ್ ಮಾಡಿ ವಿಚರ್ 3 ಓಡಿಸಿದ್ದು: ನನ್ನ ಅನುಭವ

ಸದ್ಯ ಎರಡು ಗೇಮ್ ಆಡುತ್ತಿದ್ದೇನೆ. ವಿಚರ್ 3 ಮತ್ತು ಸಿಲ್ಕ್‌ಸಾಂಗ್. ಎರಡೂ ಓಡುತ್ತಿರುವುದು ಗ್ರಾಫಿಕ್ಸ್ ಕಾರ್ಡೇ ಇಲ್ಲದ ಲ್ಯಾಪ್‌ಟಾಪಿನಲ್ಲಿ. ರೈಜೆನ್ 5 3500ಯು ಪ್ರೊಸೆಸರ್, ಅದರೊಳಗಿನ ವೇಗಾ 8 ಗ್ರಾಫಿಕ್ಸ್, ಅಷ್ಟೇ. ಸೆಕೆಂಡ್ ಹ್ಯಾಂಡಿನಲ್ಲಿ 18 ಸಾವಿರ ಚಿಲ್ಲರೆಗೆ ಸಿಕ್ಕಿತ್ತು.

ದಾವಣಗೆರೆಯ ನಮ್ಮ ಗ್ಯಾಂಗಿನಲ್ಲಿ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡವರು ಇಬ್ಬರು ಮೂವರಿದ್ದಾರೆ. ಪ್ರೊಸೆಸರ್ ಬೂಸ್ಟ್, ಅಂದರೆ ಅದು ತಾನಾಗೇ ಸ್ಪೀಡ್ ಏರಿಸಿಕೊಳ್ಳುವುದನ್ನು, ಆಫ್ ಮಾಡಿದರೆ ಇದರಲ್ಲೂ ವಿಚರ್ ಓಡುತ್ತದೆ ಅಂತ ನಾನು ಹೇಳಿದಾಗ ಮಂಡಕ್ಕಿ ತಿನ್ನುವುದು ಬಿಟ್ಟು ನಕ್ಕರು. 'ಸ್ಪೀಡ್ ಕಮ್ಮಿ ಮಾಡಿದ್ರೆ ಗೇಮ್ ಜೋರಾಗಿ ಓಡ್ತತೇನಲೇ? ಯಾವೂರ ಲೆಕ್ಕ ಇದು?' ಅಂದರು. ರಿಪೇರಿ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ. 'ಸರ್, ಇದ್ರಲ್ಲಿ ಟ್ಯಾಲಿ ಓಡಿಸಿ, ಸಾಕು.'

ಲೆಕ್ಕ ಸಿಂಪಲ್. ಈ ಚಿಪ್ಪಿಗೆ ಸಿಗುವುದು 15 ವ್ಯಾಟ್ ಆಸುಪಾಸು. ಅದನ್ನೇ ಲೆಕ್ಕ ಮಾಡುವ ಸಿಪಿಯು, ಚಿತ್ರ ಬಿಡಿಸುವ ಜಿಪಿಯು ಹಂಚಿಕೊಳ್ಳಬೇಕು. ಸಿಪಿಯು 3.7 ಗಿಗಾಹರ್ಟ್ಸ್‌ಗೆ ಹಾರಿದಾಗೆಲ್ಲ ಜಿಪಿಯುವಿನ ಪಾಲನ್ನೂ ತಿನ್ನುತ್ತದೆ. ಅಡುಗೆಮನೆಯಲ್ಲಿ ದೊಡ್ಡ ನಲ್ಲಿ ಬಿಟ್ಟರೆ ಬಚ್ಚಲಲ್ಲಿ ನೀರು ಸಣ್ಣಗಾಗುತ್ತದಲ್ವಾ, ಹಾಗೆ. ವಿಂಡೋಸ್ ಪವರ್ ಸೆಟಿಂಗಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಬೂಸ್ಟ್ ನಿಲ್ಲುತ್ತದೆ. ಸಿಪಿಯು 2.1ರಲ್ಲೇ ಕೂರುತ್ತದೆ, ಉಳಿದ ವ್ಯಾಟ್ ಜಿಪಿಯುಗೆ. ಮೊದಲು 95 ಡಿಗ್ರಿ ಮುಟ್ಟಿ ಎಲ್ಲಾ ಕುಸಿಯುತ್ತಿದ್ದ ಲ್ಯಾಪ್‌ಟಾಪು ಈಗ 78-80ರಲ್ಲಿ ಇರುತ್ತದೆ. ಅದೂ ನಮ್ಮೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ, ಫ್ಯಾನ್ ಕೆಳಗೆ ಕೂತು.

ಇಲ್ಲಿಗೆ ಬರುವ ಮುಂಚೆ ದುಡ್ಡು ಹಾಳಾಗಿದ್ದು ಕಮ್ಮಿ ಏನಲ್ಲ. ಕೂಲಿಂಗ್ ಪ್ಯಾಡ್‌ಗೆ 900 ರೂಪಾಯಿ. ಸದ್ದು ಜಾಸ್ತಿ, ಇಳಿದಿದ್ದು ಎರಡೋ ಮೂರೋ ಡಿಗ್ರಿ. ಈಗ ಅದರ ಮೇಲೆ ತಂಗಿ ಪುಸ್ತಕ ಇಟ್ಟು ಓದುತ್ತಾಳೆ. ಚಿಪ್ಪಿನ ಬಿಸಿ ಹೊರಹಾಕಲು ಹಚ್ಚುವ ಥರ್ಮಲ್ ಪೇಸ್ಟ್ 400, ಅದು ವರ್ತ್. ಕೈಗೆ ಕಾಣುವ ಫಲ ಕೊಟ್ಟಿದ್ದು ರ್‍ಯಾಮ್. 8 ಜಿಬಿಯ ಒಂದೇ ಸ್ಟಿಕ್ ಇತ್ತು, ಪಕ್ಕದ ಸ್ಲಾಟ್ ಖಾಲಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ್‍ಯಾಮನ್ನೇ ಬಳಸುತ್ತದೆ, ಹಾಗಾಗಿ ಎರಡನೇ ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಮಾಡಿದರೆ ದಾರಿ ಡಬಲ್ ಅಗಲ ಆಗುತ್ತದೆ. ಇಪ್ಪತ್ತರ ಹತ್ತಿರ ಇದ್ದ ಎಫ್‌ಪಿಎಸ್ (ಸೆಕೆಂಡಿಗೆ ಬೀಳುವ ಚಿತ್ರಗಳ ಲೆಕ್ಕ) ಮೂವತ್ತರ ಹತ್ತಿರ ಬಂತು. ನಾನು ತಗೊಂಡಾಗ 1,700ವೋ 1,800ವೋ ಇತ್ತು. ಈಗಿನ ರೇಟು ಕೇಳಲೇಬೇಡಿ.

ಇನ್ನೊಂದು ವಿಷಯ ತುಂಬಾ ಜನ ಬಿಟ್ಟುಬಿಡುತ್ತಾರೆ. 2022ರ ಡಿಸೆಂಬರಿನಲ್ಲಿ ಬಂದ ದೊಡ್ಡ ಅಪ್‌ಡೇಟ್ ಆದಮೇಲೆ ವಿಚರ್ 3 ಭಾರ ಆಯಿತು. ನಮ್ಮಂಥವರಿಗೆ ಅದು ಬೇಡ. ಗೇಮ್ ಕೊಳ್ಳುವ ಸ್ಟೀಮ್ ಆ್ಯಪಿನಲ್ಲಿ ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ, ಬೀಟಾ ಪಟ್ಟಿಯಲ್ಲಿ ಹಳೆಯ 1.32 ಕ್ಲಾಸಿಕ್ ಆವೃತ್ತಿ ಆರಿಸಿಕೊಳ್ಳಿ. 720ಪಿ, ಎಲ್ಲಾ ಲೋ, ಹೇರ್‌ವರ್ಕ್ಸ್ ಆಫ್. ನಾಯಕ ಗೆರಾಲ್ಟನ ಕೂದಲು ಹಾರದಿದ್ದರೆ ಏನೂ ನಷ್ಟವಿಲ್ಲ. ಎಫ್‌ಪಿಎಸ್‌ಗೆ 30ರ ಲಿಮಿಟ್ ಹಾಕುವುದು ಗೇಮಿನೊಳಗೆ ಬೇಡ, ರಿವಾಟ್ಯೂನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಹಾಕಿ. ಅಲುಗಾಡದ 30 ಕಣ್ಣಿಗೆ ಎಷ್ಟು ಹಿತ ಅನ್ನುವುದು 45ಕ್ಕೂ 22ಕ್ಕೂ ಜಿಗಿಯುತ್ತಿದ್ದಾಗ ಆಡಿದವರಿಗೆ ಗೊತ್ತು.

ವಿಚರ್‌ನ ವೆಲೆನ್ ಪ್ರದೇಶ ಪೂರ್ತಿ ಹೀಗೇ ಮುಗಿಸಿದೆ. ಬ್ಲಡಿ ಬ್ಯಾರನ್ ಕತೆ ನಡೆಯುವಾಗ ಎಫ್‌ಪಿಎಸ್ ನೋಡುವುದೇ ಮರೆತೆ, ಅಷ್ಟು ಚೆನ್ನಾಗಿದೆ. ಗೇಮಿನೊಳಗಿನ ಕಾರ್ಡ್ ಆಟ ಗ್ವೆಂಟ್ ಮಾತ್ರ ಸುಮ್ನೆ ಸಮಯ ತಿನ್ನುತ್ತದೆ, ಲೋಕ ಮುಳುಗುತ್ತಿದ್ದರೂ ಇಸ್ಪೀಟು ಬಿಡದ ನಮ್ಮ ಕಡೆ ಮಂದಿಗೆ ಹೇಳಿ ಮಾಡಿಸಿದ್ದು. ತೊಂದರೆ ಶುರುವಾಗಿದ್ದು ನೋವಿಗ್ರಾಡ್ ನಗರದಲ್ಲಿ. ಅಲ್ಲಿ ಜನಜಂಗುಳಿ, ಕೆಲಸ ಬೀಳುವುದು ಸಿಪಿಯು ಮೇಲೆ, ಬೂಸ್ಟ್ ಆಫ್ ಮಾಡಿದ್ದು ತಿರುಗಿ ಹೊಡೆಯುತ್ತದೆ. ಬ್ಯಾಕ್‌ಗ್ರೌಂಡ್ ಕ್ಯಾರೆಕ್ಟರ್ ಲೋ ಮಾಡಿದರೆ ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ಸೆಟಿಂಗ್ಸ್ ಫೈಲಿನಲ್ಲಿ ಎರಡು ಸಾಲು ತಿದ್ದಿದ್ದೇನೆ. ಅದು ಯಾವುದು ಅಂತ ಗ್ಯಾಂಗಿಗೂ ಹೇಳಿಲ್ಲ. ಇಷ್ಟು ದಿನ ನಕ್ಕಿದ್ದಾರೆ, ಸ್ವಲ್ಪ ಹುಡುಕಲಿ.

ನಡುವೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ವಿಂಡೋಸ್ ಗೇಮನ್ನು ಅದರಲ್ಲಿ ಓಡಿಸುವ ಪ್ರೋಟಾನ್‌ನಲ್ಲೂ ಓಡಿಸಿ ನೋಡಿದೆ. ಹೆಚ್ಚು ಕಡಿಮೆ ಅಷ್ಟೇ ಬಂತು. ಆದರೆ ಮುಚ್ಚಳ ಮುಚ್ಚಿ ತೆಗೆದರೆ ವೈಫೈ ಏಳುತ್ತಿರಲಿಲ್ಲ, ವಾಪಸ್ ಬಂದೆ. ಲಾಸ್‌ಲೆಸ್ ಸ್ಕೇಲಿಂಗ್ ಅನ್ನುವ ಸಾಫ್ಟ್‌ವೇರ್ ಕೊಂಡು, ನಡುನಡುವೆ ಹುಸಿ ಚಿತ್ರ ಸೇರಿಸುವ ಫ್ರೇಮ್ ಜನರೇಶನ್ ಕೂಡ ಹಾಕಿದೆ. ಅಂಕಿ 50 ತೋರಿಸುತ್ತದೆ, ಕತ್ತಿ ಬೀಸಿದರೆ ಒಂದು ಗಳಿಗೆ ಬಿಟ್ಟು ಏಳುತ್ತದೆ. ಜಿಪಿಯುನಲ್ಲಿ ಉಳಿಕೆ ಇದ್ದವರಿಗೆ ಅದು, ಮೊದಲೇ ಏದುಸಿರು ಬಿಡುವ ವೇಗಾ 8ಕ್ಕೆ ಅಲ್ಲ.

ಸಿಲ್ಕ್‌ಸಾಂಗ್‌ಗೆ ಇದ್ಯಾವುದೂ ಬೇಕಾಗಿಲ್ಲ. 720ಪಿಯಲ್ಲಿ ಆರಾಮಾಗಿ 60. ಅಲ್ಲಿ ಸೋಲುವುದು ನನ್ನ ಬೆರಳು ಮಾತ್ರ. ಇದರ ಹಿಂದಿನ ಗೇಮ್ ಹಾಲೋ ನೈಟ್ ಆಡಿ ನೇರ ಕೆಳಗೆ ಹೊಡೆದು ಅಭ್ಯಾಸವಾದವರಿಗೆ ಇದರ ನಾಯಕಿ ಹಾರ್ನೆಟ್‌ಳ ಓರೆ ಹೊಡೆತ ತಲೆ ಕೆಡಿಸುತ್ತದೆ. ನೇರ ಕೆಳಗೆ ಹೊಡೆಯಲು ಬಿಡುವ ವಾಂಡರರ್ ಕ್ರೆಸ್ಟ್ ಸಿಕ್ಕಮೇಲೆ ಬದುಕಿದೆ. ಲಾಸ್ಟ್ ಜಡ್ಜ್ ಅನ್ನುವ ಬಾಸ್ ಸತ್ತ ಮೇಲೂ ಸ್ಫೋಟಿಸುತ್ತದೆ, ಗೆದ್ದೆ ಅಂತ ಕೈ ಎತ್ತಬೇಡಿ, ದೂರ ಓಡಿ. ಕೂತು ಗೇಮ್ ಸೇವ್ ಮಾಡುವ ಬೆಂಚಿಗೂ ಕೆಲವು ಕಡೆ ಕಾಸು ಕೇಳುವುದು ಮಾತ್ರ ನನಗೆ ಇಷ್ಟವಾಗಲಿಲ್ಲ.

ವಿಚರ್‌ನಲ್ಲಿ ಇನ್ನು ಟೂಸಾನ್ ಅನ್ನುವ ಪ್ರದೇಶ ಬಾಕಿ ಇದೆ. ಹುಲ್ಲು, ಬಿಸಿಲು, ದ್ರಾಕ್ಷಿ ತೋಟ ಎಲ್ಲಾ ಅಲ್ಲೇ ಜಾಸ್ತಿ, ಅಲ್ಲಿ 30 ನಿಲ್ಲುವುದಿಲ್ಲ ಅಂತ ಗ್ಯಾಂಗು ಬೆಟ್ ಕಟ್ಟಿದೆ. ಸೋತವರು ಮುಂದಿನ ಸೇಲಿನಲ್ಲಿ ಗೇಮ್ ಕೊಡಿಸಬೇಕು. ನಾನು ಹೇಡೀಸ್ ಅಂತ ಈಗಲೇ ಹೇಳಿಟ್ಟಿದ್ದೇನೆ.