ಮನೆಗೆ ಬೆಲೆ ಹೇಳುವ ಮುಂಚೆ ನಾವು ಮಾಡಿಕೊಂಡ ತಯಾರಿ

ನಾವು ಮನೆ ಕೊಂಡಾಗ ನಮಗಿಂತ ಜಾಸ್ತಿ ಬೆಲೆ ಹೇಳಿದವರು ಇನ್ನೊಬ್ಬರಿದ್ದರು. ಆದರೂ ಮನೆ ಸಿಕ್ಕಿದ್ದು ನಮಗೆ. ಬೆಲೆಯ ಜೊತೆಗೆ ನಾವು ಏನೇನು ಮುಂದಿಟ್ಟೆವು ಅನ್ನೋದೇ ಅದಕ್ಕೆ ಕಾರಣ.

ಮನೆ ನೋಡಲು ಹೊರಡುವ ಮುಂಚೆಯೇ ನಾವಿಬ್ಬರೂ ಕೂತು ಒಂದು ಮೊತ್ತ ಬರೆದಿಟ್ಟೆವು. ಅದಕ್ಕಿಂತ ಬಿಡಿಗಾಸೂ ಮೇಲೆ ಹೋಗಬಾರದು ಅಂತ. ನೋಂದಣಿ ಖರ್ಚು, ವಕೀಲರ ಫೀಸು, ಕಮಿಷನ್, ರಿಪೇರಿ ಎಲ್ಲ ಅದರೊಳಗೇ ಬರಬೇಕು. ಮನೆ ಇಷ್ಟವಾದ ಮೇಲೆ ಲೆಕ್ಕ ಹಾಕಲು ಕೂತರೆ ಮನಸ್ಸು ಎಲ್ಲದಕ್ಕೂ ಹೂಂ ಅನ್ನುತ್ತೆ.

ಆಮೇಲೆ ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಮನೆಗಳನ್ನು ವಿಚಾರಿಸಿದೆವು. ಜಾಹೀರಾತಿನ ಬೆಲೆ ಬೇರೆ, ಕೊನೆಗೆ ಕೈಗೆ ಬಂದ ಬೆಲೆ ಬೇರೆ. ನಮಗೆ ಬೇಕಾಗಿದ್ದು ಎರಡನೆಯದು. ಅದೇ ಅಳತೆಯ, ಅಷ್ಟೇ ಹಳೆಯ ಮನೆ ಎಷ್ಟಕ್ಕೆ ಹೋಯಿತು ಅಂತ ಗೊತ್ತಾದರೆ, ಚೌಕಾಸಿಗೆ ಒಂದು ಆಧಾರ ಸಿಗುತ್ತದೆ.

ಸಾಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾತಾದ ಬೆಲೆ, ಬ್ಯಾಂಕಿನವರು ಕಟ್ಟಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಸಾಮಾನ್ಯವಾಗಿ ಅದರ ಮೇಲೆ ಸಾಲ ಕೊಡುತ್ತಾರೆ. ನೀವು 100ಕ್ಕೆ ಒಪ್ಪಿದ ಮನೆಗೆ ಬ್ಯಾಂಕು 90 ಕಟ್ಟಿತು ಅಂತಿಟ್ಟುಕೊಳ್ಳಿ. ಶೇಕಡಾ 80 ಸಾಲ ಅಂದರೆ ಸಿಗೋದು 72. ಕೈಯಿಂದ 20 ಹಾಕಿದರೆ ಸಾಕು ಅಂದುಕೊಂಡವರು 28 ಹೊಂದಿಸಬೇಕು! ನಾವಂತೂ ಎಷ್ಟು ಸಾಲ ಸಿಗಬಹುದು ಅಂತ ಬ್ಯಾಂಕು ಮುಂಚೆಯೇ ಬರೆದುಕೊಡುವ ಪ್ರಾಥಮಿಕ ಒಪ್ಪಿಗೆ ಪತ್ರ ತೆಗೆದುಕೊಂಡ ಮೇಲೇ ಬೆಲೆ ಮಾತಿಗೆ ಕೂತದ್ದು.

ಮನೆಯನ್ನು ಎರಡನೇ ಸಲ ನೋಡಲು ಜೋರು ಮಳೆ ಬಂದ ಮರುದಿನ ಹೋದೆವು. ಬಚ್ಚಲುಮನೆಯ ಹಿಂದಿನ ಗೋಡೆಗೆ ಹೊಸ ಬಣ್ಣ ಹೊಡೆದಿತ್ತು, ಬೇರೆ ಗೋಡೆಗಳಿಗೆ ಇಲ್ಲ. ಅಂಗೈ ಇಟ್ಟು ನೋಡಿದರೆ ತಣ್ಣಗೆ, ಒದ್ದೆ ಒದ್ದೆ. ಬುಡದಲ್ಲಿ ಬಣ್ಣ ಆಗಲೇ ಉಬ್ಬಿತ್ತು. ಪರಿಚಯದ ಪ್ಲಂಬರ್ ಒಬ್ಬರನ್ನು ಕರೆತಂದು ತೋರಿಸಿದೆವು. ಗೋಡೆಯೊಳಗಿನ ಪೈಪು ಸೋರುತ್ತಿದೆ ಅಂದರು. ರಿಪೇರಿಗೆ ಎಷ್ಟಾಗುತ್ತೆ ಅಂತ ಅವರಿಂದಲೇ ಬರೆಸಿಕೊಂಡೆವು. ಸುಮ್ನೆ "ಕಡಿಮೆ ಮಾಡಿ" ಅಂದರೆ ಯಾರಿಗಾದರೂ ಬೇಜಾರು. ಆ ಚೀಟಿ ಮುಂದಿಟ್ಟು ಕೇಳಿದಾಗ ಮಾರುವವರು ಮುಖ ಗಂಟಿಕ್ಕಲಿಲ್ಲ, ಕೂತು ಲೆಕ್ಕ ನೋಡಿದರು.

ಮಾತಿನ ಮಧ್ಯೆ ಇನ್ನೊಂದು ವಿಷಯ ಹೊರಬಂತು. ಅವರು ಹೋಗಬೇಕಿದ್ದ ಮನೆ ಇನ್ನೂ ಸಿದ್ಧವಾಗಿರಲಿಲ್ಲ. ನೋಂದಣಿಯಾದ ತಕ್ಷಣ ಖಾಲಿ ಮಾಡಿ ಅಂದರೆ ಸಾಮಾನು ಸಮೇತ ಎಲ್ಲಿಗೆ ಹೋಗೋದು, ಅಲ್ವಾ? ನೋಂದಣಿಯನ್ನೇ ಅವರಿಗೆ ಅನುಕೂಲವಾದ ದಿನಕ್ಕೆ ಇಟ್ಟುಕೊಳ್ಳೋಣ ಅಂದೆವು. ಹೆಚ್ಚು ಬೆಲೆ ಹೇಳಿದ್ದವರಿಗೆ ಮನೆ ಕೂಡಲೇ ಬೇಕಿತ್ತು, ಅವರ ಸಾಲವೂ ಇನ್ನೂ ನಿಕ್ಕಿಯಾಗಿರಲಿಲ್ಲ. "ಯಾಕೆ ಮಾರುತ್ತಿದ್ದೀರಿ?" ಅಂತ ಮಾರುವವರನ್ನು ಗೌರವದಿಂದ ಕೇಳಿ, ಅವರು ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಿ. ಬೆಲೆ ಮಾತಾಡುವಾಗ ಇದಕ್ಕಿಂತ ಉಪಯೋಗಕ್ಕೆ ಬಂದ ಪ್ರಶ್ನೆ ನನಗೆ ಇನ್ನೊಂದು ಗೊತ್ತಿಲ್ಲ.

ನಮ್ಮ ಮೊದಲ ಮಾತು ಮಾರುವವರು ಕೇಳಿದ ಬೆಲೆಗಿಂತ ಕೆಳಗಿತ್ತು, ಆದರೆ ಅವಮಾನವಾಗುವಷ್ಟು ಅಲ್ಲ. ಅವರು ಸ್ವಲ್ಪ ಇಳಿದರು, ನಾವು ಸ್ವಲ್ಪ ಏರಿದೆವು. ಬರೆದಿಟ್ಟ ಮೊತ್ತದ ಒಳಗೇ ಮಾತು ಮುಗಿಯಿತು.

ಬಾಯಿಮಾತಿಗೆ ಬಿಡದೆ ಎಲ್ಲವನ್ನೂ ಬರವಣಿಗೆಯಲ್ಲಿ ತಂದೆವು. ಸಾಲ ಮಂಜೂರಾಗದಿದ್ದರೆ ಅಥವಾ ಕಾಗದಪತ್ರದಲ್ಲಿ ತೊಡಕು ಕಂಡರೆ ಮುಂಗಡ ವಾಪಸ್. ಯಾವ ತಾರೀಖಿನೊಳಗೆ ಉತ್ತರ, ಯಾವ ತಾರೀಖಿಗೆ ಕೀಲಿ. ನೀರಿನ ಪಂಪು, ಗೋಡೆಗೆ ಕೂರಿಸಿದ ಕಪಾಟು, ಫ್ಯಾನುಗಳು ಮನೆಯ ಜೊತೆಗೇ ಅಂತಲೂ ಹೆಸರು ಹಿಡಿದು ಬರೆಸಿದೆವು. ವಕೀಲರು ಓದಿ ಸರಿ ಅಂದ ಮೇಲೆ ಎರಡೂ ಕಡೆಯವರು ಸಹಿ ಹಾಕಿದೆವು. ಮುಂಗಡ ಕೊಟ್ಟದ್ದು ಅದಾದ ಮೇಲೆ.