‘ಚೆಕ್’ ಎಲ್ಲಿಂದ ಬಂತು? ಇಂಗ್ಲಿಷ್ ಪದವೊಂದರ ಜಾಡು ಹಿಡಿಯುವುದು ಹೇಗೆ

ಚೆಕ್ ಬೌನ್ಸ್ ಆಗುತ್ತದೆ. ಚೆಕ್ಸ್ ಶರ್ಟಿನ ಬಣ್ಣ ಹೋಗುತ್ತದೆ. ಹಳ್ಳಕ್ಕೆ ಚೆಕ್ ಡ್ಯಾಮ್ ಕಟ್ಟುತ್ತಾರೆ, ಬಸ್ಸಿಗೆ ಚೆಕ್ಕಿಂಗ್‌ನವರು ಹತ್ತುತ್ತಾರೆ, ಡಾಕ್ಟರು ಮುಂದಿನ ವಾರ ಚೆಕಪ್‌ಗೆ ಬನ್ನಿ ಅನ್ನುತ್ತಾರೆ, ಚೆಸ್ ಆಡುವ ಹುಡುಗ ಎದುರಿನವನ ಮುಖ ನೋಡಿ ‘ಚೆಕ್’ ಅನ್ನುತ್ತಾನೆ. ದಿನಕ್ಕೆ ಎಷ್ಟು ಸಲ ಈ ಪದ ನಮ್ಮ ಬಾಯಿಗೆ ಬರುತ್ತದೋ ಲೆಕ್ಕವಿಲ್ಲ. ಆದರೆ ಬ್ಯಾಂಕಿನ ಕಾಗದ, ಬಟ್ಟೆಯ ಚೌಕಳಿ, ಹಳ್ಳದ ಅಡ್ಡಗೋಡೆ ಇವಕ್ಕೆಲ್ಲ ಒಂದೇ ಹೆಸರು ಯಾಕೆ?

ಉತ್ತರ ಹುಡುಕುವುದು ಕಷ್ಟವೇನಲ್ಲ. ಭಾಷಾಶಾಸ್ತ್ರ ಓದಿರಬೇಕಿಲ್ಲ. ಒಂದು ಮೊಬೈಲು, ಒಂದು ಹಾಳೆ, ರಜಾ ದಿನದ ಒಂದೆರಡು ಗಂಟೆ ಸಾಕು. ‘ಚೆಕ್’ ಅನ್ನೇ ಹಿಡಿದುಕೊಂಡು ಹೊರಡೋಣ. ದಾರಿ ಗೊತ್ತಾದರೆ ಬೇರೆ ಪದಗಳಿಗೂ ಅದೇ ದಾರಿ.

1. ಮೊದಲು ಬಳಕೆಗಳನ್ನು ಗುಡ್ಡೆ ಹಾಕಿ

ನಿಘಂಟು ಆಮೇಲೆ ತೆರೆಯಿರಿ. ಮೊದಲು ನಿಮಗೇ ಗೊತ್ತಿರುವ ಬಳಕೆಗಳನ್ನೆಲ್ಲ ಹಾಳೆ ಮೇಲೆ ಬರೆಯಿರಿ. ಕನ್ನಡದಲ್ಲಿ ನಾವು ಬಳಸುವ ಇಂಗ್ಲಿಷನ್ನೂ ಸೇರಿಸಿ, ನಾಚಿಕೆ ಬೇಡ. ಅಮೆರಿಕದಲ್ಲಿರುವ ಗೆಳೆಯರನ್ನು ಕೇಳಿದರೆ ಇನ್ನೆರಡು ಸಿಗುತ್ತವೆ: ಅಲ್ಲಿ ಹೋಟೆಲಿನ ಬಿಲ್ಲಿಗೂ ಚೆಕ್ ಅನ್ನುತ್ತಾರೆ, ನಾವು ‘ಟಿಕ್’ ಅನ್ನುವ ಸರಿ ಗುರುತಿಗೂ ಚೆಕ್ ಅನ್ನುತ್ತಾರೆ.

ಈಗ ಒಂದೇ ಜಾತಿಯವನ್ನು ಒಟ್ಟಿಗೆ ಹಾಕಿ. ತಡೆಯುವುದು ಒಂದು ಗುಂಪು, ಚೆಕ್ ಡ್ಯಾಮ್ ಅಲ್ಲಿಗೆ ಸೇರುತ್ತದೆ. ಪರೀಕ್ಷಿಸಿ ನೋಡುವುದು ಇನ್ನೊಂದು. ಕಾಗದ, ಚೀಟಿ, ಬಿಲ್ಲು ಮತ್ತೊಂದು. ಚೌಕಳಿ ಬಟ್ಟೆ ಒಂಟಿಯಾಗಿ ಉಳಿಯುತ್ತದೆ, ಉಳಿಯಲಿ ಬಿಡಿ.

ಎರಡು ಗುಂಪಿಗೂ ಸೇರುವ ಪದ ಇದೆಯಾ ಅಂತ ನೋಡಿ. ಚೆಕ್ ಪೋಸ್ಟ್ ಅಂಥದ್ದು. ಗಡಿಯಲ್ಲಿ ಕಂಬ ಅಡ್ಡ ಹಾಕಿ ಲಾರಿ ನಿಲ್ಲಿಸುತ್ತಾರೆ, ನಿಲ್ಲಿಸಿ ಕಾಗದ ನೋಡುತ್ತಾರೆ. ತಡೆಯೂ ಅಲ್ಲೇ, ತಪಾಸಣೆಯೂ ಅಲ್ಲೇ. ಇಂಥ ಪದ ಸಿಕ್ಕರೆ ದಪ್ಪ ಗೆರೆ ಎಳೆದಿಡಿ, ಮುಂದೆ ಬೇಕಾಗುತ್ತದೆ.

2. ಸರಿಯಾದ ನಿಘಂಟು ತೆರೆಯಿರಿ

ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಹೇಳುತ್ತದೆ, ಹುಟ್ಟು ಹೇಳುವುದಿಲ್ಲ. ಹುಟ್ಟು ಬೇಕಾದರೆ ಪುಕ್ಕಟೆ ಸಿಗುವುದರಲ್ಲಿ ಎಟಿಮಾಲಜಿ ಆನ್‌ಲೈನ್ ಶುರು ಮಾಡಲು ಒಳ್ಳೆಯದು. ವಿಕ್ಷನರಿಯೂ ಇದೆ, ಆದರೆ ಅದು ಎಲ್ಲರೂ ತಿದ್ದುವ ಜಾಗ. ಅಲ್ಲಿ ಕಂಡದ್ದನ್ನು ಇನ್ನೊಂದು ಕಡೆ ತಾಳೆ ನೋಡಿ. ಎಲ್ಲಕ್ಕಿಂತ ದೊಡ್ಡದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು ಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಸಾಮಾನ್ಯ ನಿಘಂಟುಗಳು ಇವತ್ತು ಜಾಸ್ತಿ ಬಳಕೆಯಲ್ಲಿರುವ ಅರ್ಥವನ್ನು ಮೇಲೆ ಹಾಕುತ್ತವೆ. ಆಕ್ಸ್‌ಫರ್ಡ್ ಹಾಗಲ್ಲ, ಯಾವ ಅರ್ಥ ಮೊದಲು ಹುಟ್ಟಿತೋ ಅದನ್ನು ಮೇಲೆ ಹಾಕಿ, ಪ್ರತಿಯೊಂದಕ್ಕೂ ಇಸವಿ ಸಮೇತ ಹಳೆಯ ವಾಕ್ಯಗಳನ್ನು ಕೊಡುತ್ತದೆ. ದುಡ್ಡು ಕೊಟ್ಟು ನೋಡಬೇಕು, ಅದೊಂದು ತೊಂದರೆ. ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ. ಸ್ಪೆಲ್ಲಿಂಗ್ ಒಂದೇ ಆದರೂ ಪದ ಎರಡಿರಬಹುದು. ನಾಯಿ ಬೊಗಳುವುದೂ ‘ಬಾರ್ಕ್’, ಮರದ ತೊಗಟೆಯೂ ‘ಬಾರ್ಕ್’. ಬೊಗಳುವುದು ಹಳೆಯ ಇಂಗ್ಲಿಷಿನದ್ದು, ತೊಗಟೆ ವೈಕಿಂಗ್ ಜನರ ನಾರ್ಸ್ ಭಾಷೆಯಿಂದ ಬಂದದ್ದು. ಒಂದಕ್ಕೊಂದು ಸಂಬಂಧವೇ ಇಲ್ಲ. ‘ಚೆಕ್’ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ, ನಮ್ಮ ಗುಂಪುಗಳೆಲ್ಲ ಒಂದೇ ಬೇರಿಗೆ ಹೋಗುತ್ತವೆ.

3. ಹಿಂದಕ್ಕೆ ಓದಿ

ನಿಘಂಟಿನ ಮೂಲದ ಸಾಲು ಇಂಗ್ಲಿಷಿನಿಂದ ಶುರುವಾಗಿ ಹಿಂದೆ ಹಿಂದೆ ಹೋಗುತ್ತದೆ. ಚೆಕ್‌ಗೆ ಮೊದಲು ಹಳೆಯ ಫ್ರೆಂಚಿನ ‘ಎಶೆಕ್’. ಅದಕ್ಕೂ ಹಿಂದೆ ಮಧ್ಯಕಾಲದ ಲ್ಯಾಟಿನ್ನಿನ ‘ಸ್ಕಾಕ್ಕುಸ್’. ಅದಕ್ಕೆ ಹಿಂದೆ ಅರಬ್ಬಿ, ಅದರಾಚೆ ಪರ್ಷಿಯನ್. ಅಲ್ಲಿ ನಿಂತಿರುವ ಪದ ‘ಶಾಹ್’. ಅಂದರೆ ರಾಜ!

ಪರ್ಷಿಯಾದಲ್ಲಿ ಚದುರಂಗ ಆಡುವವರು ಎದುರಾಳಿಯ ರಾಜನ ಮೇಲೆ ಕಾಯಿ ಬಿಟ್ಟಾಗ ‘ಶಾಹ್’ ಎಂದು ಕೂಗುತ್ತಿದ್ದರು. ನಿನ್ನ ರಾಜನಿಗೆ ಅಪಾಯ, ನೋಡಿಕೋ ಅಂತ. ಆ ಕೂಗೇ ಅರಬ್ಬರ ಮೂಲಕ ಯುರೋಪಿಗೆ ಹೋಗಿ, ನಾಲಿಗೆಯಿಂದ ನಾಲಿಗೆಗೆ ಸವೆದು ‘ಚೆಕ್’ ಆಯಿತು. ಫ್ರೆಂಚರು ಅದರ ಬಹುವಚನವನ್ನು ಆಟದ ಹೆಸರಾಗಿ ಬಳಸಿದರು, ಅದೇ ಇಂಗ್ಲಿಷಿನ ‘ಚೆಸ್’. ಅಂದರೆ ಚೆಕ್ ಮತ್ತು ಚೆಸ್ ಒಂದೇ ಪದದ ಏಕವಚನ, ಬಹುವಚನ.

ಆಟ ಹುಟ್ಟಿದ್ದು ನಮ್ಮ ಭಾರತದಲ್ಲಿ, ಹೆಸರು ಚತುರಂಗ. ಪರ್ಷಿಯನ್ನರು ಅದನ್ನು ‘ಚತ್ರಂಗ್’ ಅಂದರು, ಅರಬ್ಬರು ‘ಶತ್ರಂಜ್’ ಅಂದರು, ಅರಬ್ಬರಿಂದ ಕಲಿತ ಸ್ಪೇನಿನವರು ‘ಅಹೆದ್ರೆಸ್’ ಅಂದರು. ಸ್ಪೇನಿನವರು ಆಟದ ಹೆಸರನ್ನು ಹಿಡಿದುಕೊಂಡರು, ಇಂಗ್ಲಿಷಿನವರಿಗೆ ಸಿಕ್ಕಿದ್ದು ಆಟಗಾರರ ಕೂಗು.

ಇಲ್ಲಿಗೆ ನಿಲ್ಲಬಹುದು. ಆದರೆ ಇನ್ನೊಂದು ಹೆಜ್ಜೆ ಹಾಕಿದರೆ ಮಜಾ ಇದೆ. ‘ಶಾಹ್’ ಪದದ ಹಳೆಯ ರೂಪ ‘ಕ್ಷಾಯಥಿಯ’. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ದಾರಿಯಸ್ ದೊರೆ ಸುಮಾರು ಕ್ರಿ.ಪೂ. 520ರಲ್ಲಿ ಕೆತ್ತಿಸಿದ ಶಾಸನದಲ್ಲಿ ತನ್ನನ್ನು ರಾಜರ ರಾಜ ಎಂದು ಕರೆದುಕೊಳ್ಳುವುದು ಇದೇ ಪದದಲ್ಲಿ. ಆಳುವುದು ಎಂಬ ಅರ್ಥದ ಈ ಬೇರಿಗೆ ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ನೆಂಟರು. ಬಸ್ಸಿನ ಚೆಕ್ಕಿಂಗ್‌ನವರಿಗೂ ಕ್ಷತ್ರಿಯರಿಗೂ ದೂರದ ಸಂಬಂಧ ಅಂದರೆ ಯಾರು ನಂಬುತ್ತಾರೆ, ಅಲ್ವಾ?

4. ಅರ್ಥ ಜಿಗಿದ ಜಾಗದಲ್ಲಿ ಏನು ವಸ್ತು ಇತ್ತು ಎಂದು ಕೇಳಿ

ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಮತ್ತು ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ಶಾಹ್‌ನಿಂದ ಚೆಕ್ ಬಂತು ಅಂತ ಗೊತ್ತಾದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಹಾಕಿ ಮುಗಿಸುತ್ತಾರೆ. ಆದರೆ ರಾಜ ಎಂಬ ಪದ ಬ್ಯಾಂಕಿನ ಕಾಗದ ಆದದ್ದು ಹೇಗೆ ಎಂಬುದು ಇನ್ನೂ ಗೊತ್ತಾಗಿಲ್ಲ. ಅರ್ಥಗಳು ಸುಮ್ನೆ ಗಾಳಿಯಲ್ಲಿ ಬದಲಾಗುವುದಿಲ್ಲ. ಹಳೆಯ ಅರ್ಥವೂ ಹೊಸ ಅರ್ಥವೂ ಒಟ್ಟಿಗೆ ಹೊಂದುವ ಒಂದು ಸಂದರ್ಭ ಇರುತ್ತದೆ. ಎಷ್ಟೋ ಸಲ ಅಲ್ಲಿ ಕೈಗೆ ಸಿಗುವ ಒಂದು ವಸ್ತುವೂ ಇರುತ್ತದೆ.

ಮೊದಲ ಜಿಗಿತ ಸುಲಭ. ಚೆಕ್ ಬಿದ್ದರೆ ನಿಮ್ಮ ಯೋಜನೆ ಅಲ್ಲಿಗೇ ನಿಲ್ಲುತ್ತದೆ, ರಾಜನನ್ನು ಉಳಿಸದೆ ಬೇರೆ ಕಾಯಿ ಮುಟ್ಟುವಂತಿಲ್ಲ. ಆಟದ ಕೂಗು ಹಾಗೇ ಬದುಕಿಗೂ ಬಂತು, ಧುತ್ತೆಂದು ಎದುರಾದ ಅಡ್ಡಿಗೆಲ್ಲ ಚೆಕ್ ಎಂದರು. 14ನೇ ಶತಮಾನದ ಕವಿ ಚಾಸರ್, 1368ರಲ್ಲಿ ತೀರಿಕೊಂಡ ಲ್ಯಾಂಕಾಸ್ಟರ್‌ನ ಬ್ಲಾಂಚ್ ಎಂಬಾಕೆಯ ನೆನಪಿಗೆ ಬರೆದ ಕವಿತೆಯಲ್ಲಿ, ವಿಧಿಯೇ ಎದುರು ಕೂತು ಚದುರಂಗ ಆಡಿ, ರಾಣಿಯನ್ನು ಕಿತ್ತುಕೊಂಡು ‘ಚೆಕ್’ ಎನ್ನುತ್ತದೆ. ಆಟವೂ ಅದೇ, ಸಾವೂ ಅದೇ. ಅಡ್ಡಿಯಿಂದ ತಡೆ, ತಡೆಯಿಂದ ಹಿಡಿತ. ನಮ್ಮ ಚೆಕ್ ಡ್ಯಾಮ್ ಈ ಗುಂಪಿನದ್ದು.

ಎರಡನೆಯದಕ್ಕೆ ಒಂದು ಮೇಜು ಬೇಕು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಖಜಾನೆಯ ಲೆಕ್ಕ ಮಾಡುತ್ತಿದ್ದ ಮೇಜು. ಅಲ್ಲಿನ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲಿ ಅದನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟಿದ್ದಾನೆ: ಸುಮಾರು 10 ಅಡಿ ಉದ್ದ, 5 ಅಡಿ ಅಗಲ, ಸುತ್ತ ನಾಲ್ಕು ಬೆರಳೆತ್ತರದ ಅಂಚು, ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯುವುದು ತಲೆನೋವು. ಅದಕ್ಕೆ ಬಟ್ಟೆಯ ಮೇಲೆ ಪೆನ್ನಿ ನಾಣ್ಯಕ್ಕೊಂದು ಸಾಲು, ಶಿಲ್ಲಿಂಗಿಗೊಂದು, ಪೌಂಡಿಗೊಂದು ಎಂದು ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ಒಂದು ಕಡೆ ಖಜಾಂಚಿ, ಇನ್ನೊಂದು ಕಡೆ ಜಿಲ್ಲೆಯ ಕಂದಾಯ ತಂದ ಶೆರೀಫ್. ಚದುರಂಗದ ಹಾಗೆ ಇಲ್ಲೂ ಇಬ್ಬರ ನಡುವೆ ಯುದ್ಧ ಎಂದು ಫಿಟ್ಜ್‌ನೀಲನೇ ಹೇಳುತ್ತಾನೆ. ಚದುರಂಗದ ಹಲಗೆಗೆ ಫ್ರೆಂಚಿನಲ್ಲಿ ‘ಎಶೆಕಿಯೆ’. ಅದರಿಂದ ಆ ಇಲಾಖೆಯ ಹೆಸರೇ ‘ಎಕ್ಸ್‌ಚೆಕರ್’ ಆಯಿತು. ಇವತ್ತಿಗೂ ಬ್ರಿಟನ್ನಿನ ಹಣಕಾಸು ಮಂತ್ರಿ ಚಾನ್ಸಲರ್ ಆಫ್ ದ ಎಕ್ಸ್‌ಚೆಕರ್. ನಮ್ಮ ಪತ್ರಿಕೆಗಳು ಕರ್ನಾಟಕದ ಅಳಿಯ ಎಂದು ಬರೆದ ರಿಷಿ ಸುನಕ್ ಪ್ರಧಾನಿ ಆಗುವ ಮೊದಲು, 2020ರಿಂದ 2022ರವರೆಗೆ, ಕೂತಿದ್ದು ಇದೇ ಕುರ್ಚಿಯಲ್ಲಿ.

ಹಲಗೆಯ ಹೆಸರೇ ಮೊಟಕಾಗಿ ಚೌಕಳಿ ವಿನ್ಯಾಸಕ್ಕೂ ‘ಚೆಕ್’ ಎಂಬ ಹೆಸರು ಬಂತು. ಒಂಟಿಯಾಗಿ ಬಿಟ್ಟಿದ್ದ ಶರ್ಟಿಗೆ ಮನೆ ಸಿಕ್ಕಿತು.

ಇನ್ನು ಬ್ಯಾಂಕಿನ ಕಾಗದ. ಎಕ್ಸ್‌ಚೆಕರ್‌ನಲ್ಲಿ ದುಡ್ಡು ಕಟ್ಟಿದ್ದಕ್ಕೆ ರಸೀದಿ ಅಂದರೆ ಒಂದು ಮರದ ಕೋಲು. ಮೊತ್ತಕ್ಕೆ ತಕ್ಕಂತೆ ಅದರಲ್ಲಿ ಕಚ್ಚು ಹಾಕಿ, ಉದ್ದಕ್ಕೆ ಸೀಳುತ್ತಿದ್ದರು. ‘ಸ್ಟಾಕ್’ ಎಂಬ ದೊಡ್ಡ ಸೀಳು ಹಣ ಕೊಟ್ಟವನಿಗೆ, ‘ಫಾಯಿಲ್’ ಎಂಬ ಚಿಕ್ಕದು ಪಡೆದವರಿಗೆ. ಎರಡನ್ನೂ ಜೋಡಿಸಿದಾಗ ಕಚ್ಚುಗಳು ಕೂಡಿದರೆ ಲೆಕ್ಕ ಸರಿ, ಕೂಡದಿದ್ದರೆ ಯಾರೋ ಮೋಸ ಮಾಡಿದ್ದಾರೆ. ಕೋಲು ಹೋಗಿ ಕಾಗದ ಬಂದ ಮೇಲೂ ಉಪಾಯ ಅದೇ ಉಳಿಯಿತು: ಪತ್ರದ ಒಂದು ತುಂಡು ಹರಿದು ಇಟ್ಟುಕೊಂಡರೆ ತಿದ್ದುಪಡಿ ಮಾಡಿದ್ದು ಸಿಕ್ಕಿಬೀಳುತ್ತದೆ. ಅದೇ ನಾವು ಬ್ಯಾಂಕಿನಲ್ಲಿ ಹರಿದುಕೊಂಡು ಬರುವ ಕೌಂಟರ್‌ಫಾಯಿಲ್. 18ನೇ ಶತಮಾನದ ಆರಂಭದಲ್ಲಿ ಈ ತುಂಡಿಗೇ ‘ಚೆಕ್’ ಎಂಬ ಹೆಸರಿತ್ತು, ಮೋಸಕ್ಕೆ ತಡೆ ಹಾಕುತ್ತದಲ್ಲ. ಆ ಶತಮಾನ ಮುಗಿಯುವಷ್ಟರಲ್ಲಿ ಹೆಸರು ತುಂಡಿನಿಂದ ಇಡೀ ಪತ್ರಕ್ಕೆ ಹಬ್ಬಿತ್ತು. ಬ್ರಿಟಿಷರು ಎಕ್ಸ್‌ಚೆಕರ್‌ನ ಪ್ರಭಾವದಲ್ಲಿ ಅದಕ್ಕೆ ಬೇರೆ ಸ್ಪೆಲ್ಲಿಂಗ್ ಕೊಟ್ಟರು, ನಮ್ಮ ಬ್ಯಾಂಕುಗಳದ್ದೂ ಅದೇ. ಅಮೆರಿಕದವರು ಎಲ್ಲ ಚೆಕ್‌ಗಳನ್ನೂ ಒಂದೇ ರೀತಿ ಬರೆಯುತ್ತಾರೆ.

ತಡೆ ಮತ್ತು ತಪಾಸಣೆ ಎರಡೂ ಆ ಹರಿದ ತುಂಡಿನಲ್ಲಿವೆ, ಚೆಕ್ ಪೋಸ್ಟಿನಲ್ಲಿ ಇರುವ ಹಾಗೇ. ಮೊದಲೇ ಎಳೆದಿಟ್ಟ ದಪ್ಪ ಗೆರೆ ಈಗ ಕೆಲಸಕ್ಕೆ ಬಂತು. (ಕೋಲುಗಳ ಕಥೆ ಏನಾಯಿತು ಅಂದರೆ, 1834ರ ಅಕ್ಟೋಬರ್ 16ರಂದು ಬೇಡವಾದ ಹಳೆಯ ಕೋಲುಗಳನ್ನು ಸಂಸತ್ ಭವನದ ಒಲೆಗೆ ಹಾಕಿ ಸುಟ್ಟರು. ಬೆಂಕಿ ಹಬ್ಬಿ ಭವನದ ಬಹುಪಾಲು ಸುಟ್ಟುಹೋಯಿತು. ಸರ್ಕಾರಿ ಕಡತ ವಿಲೇವಾರಿ ಎಲ್ಲ ಕಡೆ ಒಂದೇ ಥರ.)

5. ನೆಂಟರನ್ನು ಹುಡುಕಿ, ಕನ್ನಡದಲ್ಲೂ

‘ಚೆಕ್‌ಮೇಟ್’ ಎಂಬುದು ‘ಶಾಹ್ ಮಾತ್’. ರಾಜ ಸತ್ತ ಅಂತ ಎಲ್ಲರೂ ಹೇಳುತ್ತಾರೆ, ಯಾಕೆಂದರೆ ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತ. ಪರ್ಷಿಯನ್ನಿನ ‘ಮಾತ್’ಗೆ ದಿಕ್ಕೆಟ್ಟು ನಿಂತವನು ಎಂಬ ಅರ್ಥವಿದೆ, ಅದೇ ಮೂಲ ಎನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಚದುರಂಗದಲ್ಲಿ ರಾಜ ಸಾಯುವುದೇ ಇಲ್ಲ, ಹೋಗಲು ಮನೆ ಇಲ್ಲದೆ ನಿಲ್ಲುತ್ತಾನೆ ಅಷ್ಟೇ.

ನಮ್ಮ ಮನೆಯಲ್ಲೂ ಶಾಹ್ ಇದ್ದಾನೆ. ಬಿಜಾಪುರದ ಆದಿಲ್ ಶಾಹಿ ಸರಿ, ಅದು ಎದ್ದು ಕಾಣುತ್ತದೆ. ಆದರೆ ‘ಬಂಡವಾಳಶಾಹಿ’, ‘ಪುರೋಹಿತಶಾಹಿ’, ‘ಅಧಿಕಾರಶಾಹಿ’? ಅವುಗಳ ಬಾಲದಲ್ಲಿರುವುದೂ ಅದೇ ಶಾಹ್. ಅಧಿಕಾರಶಾಹಿಗೆ ಚೆಕ್ ಇಡಬೇಕು ಎಂದು ಯಾರಾದರೂ ಭಾಷಣ ಮಾಡಿದರೆ, ಒಂದೇ ವಾಕ್ಯದಲ್ಲಿ ರಾಜ ಎರಡು ಸಲ ಬಂದ ಹಾಗಾಯಿತು.

6. ಹೋಲಿಕೆ ಕಂಡ ಕೂಡಲೇ ನಂಬಬೇಡಿ

‘ಶಹಬ್ಬಾಸ್’ನಲ್ಲೂ ಶಾಹ್ ಇದ್ದಾನೆ ಅನಿಸುತ್ತದೆ. ಇಲ್ಲ. ಅದು ಪರ್ಷಿಯನ್ನಿನ ‘ಶಾದ್ ಬಾಶ್’, ಅಂದರೆ ಖುಷಿಯಾಗಿರು. ಪ್ರಾಗ್ ನಗರ ಇರುವ ಚೆಕ್ ದೇಶ ಅಲ್ಲಿನ ಜನಾಂಗದ ಹೆಸರು, ಚದುರಂಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಇವು ಸುಲಭದವು. ಕಷ್ಟದ್ದು ‘ಸಕ್ಕ್’. ಅರಬ್ ವ್ಯಾಪಾರಿಗಳ ಹಣದ ಪತ್ರಕ್ಕೆ ಈ ಹೆಸರಿತ್ತು, ಬ್ಯಾಂಕ್ ಚೆಕ್ ಅದರಿಂದಲೇ ಬಂತು ಎಂಬ ಮಾತು ಇಂಟರ್ನೆಟ್ ತುಂಬ ಓಡಾಡುತ್ತದೆ. ಪತ್ರ ನಿಜ, ವ್ಯಾಪಾರವೂ ನಿಜ. ಆದರೆ ಇಂಗ್ಲಿಷಿನಲ್ಲಿ ಮೊದಲು ಕಾಣುವ ಅರ್ಥ ಹಣದ ಪತ್ರವಲ್ಲ, ಅದರ ಹರಿದ ತುಂಡು. ಪದ ಪತ್ರದ ಜೊತೆಗೇ ಬಂದಿದ್ದರೆ ತುಂಡಿನಿಂದ ಯಾಕೆ ಶುರುವಾಗಬೇಕಿತ್ತು? ಅದಕ್ಕೇ ಇಂಗ್ಲಿಷ್ ನಿಘಂಟುಗಳು ಚದುರಂಗದ ದಾರಿಯನ್ನೇ ಹಿಡಿಯುತ್ತವೆ. ಎಂಥ ಚಂದದ ಕಥೆ ಸಿಕ್ಕರೂ ಹೀಗೆ ಇಸವಿ ಹಾಕಿ, ಯಾವ ಅರ್ಥ ಮೊದಲು ಬಂತು ಅಂತ ನೋಡಿ.

ಕೈ ಪಳಗಿಸಲು ಮುಂದಿನ ಪದ ಬೇಕಾದರೆ ‘ಸ್ಟಾಕ್’ ತೆಗೆದುಕೊಳ್ಳಿ. ಸೀಳಿದ ಕೋಲು ಈಗಾಗಲೇ ಸಿಕ್ಕಿದೆ, ಅಲ್ಲಿಂದ ಷೇರು ಪೇಟೆಗೆ ಜಾಸ್ತಿ ದೂರವಿಲ್ಲ. ಆಮೇಲೆ ‘ಬಿಲ್’. ಅದನ್ನು ಹುಡುಕುವಾಗ ಹಕ್ಕಿಯ ಕೊಕ್ಕಿನ ಬಿಲ್ ಬೇರೆ ನಮೂದಿನಲ್ಲಿದೆ, ಅದನ್ನು ಪಕ್ಕಕ್ಕಿಡಿ. ಹೋಟೆಲಿನವರು ಕೊಡುವ ಬಿಲ್ಲಿನ ಜಾಡು ಲ್ಯಾಟಿನ್ನಿನ ‘ಬುಲ್ಲಾ’ ಎಂಬ ಪದಕ್ಕೆ, ಅಂದರೆ ಪತ್ರಗಳಿಗೆ ಒತ್ತುತ್ತಿದ್ದ ಮುದ್ರೆಗೆ ಹೋಗುತ್ತದೆ.