‘ನನ್ನ ಪಾತ್ರ ಇರೋದೇ ಹೀಗೆ’ ಅನ್ನುವ ಆಟಗಾರರಿದ್ದರೆ

ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವ ಮುಂಬೈ, ಪುಣೆಯ ಗೆಳೆಯರ ಗಮನಕ್ಕೆ. ಡೊಂಬಿವಲಿಯಿಂದ ಮಾಟುಂಗಾಕ್ಕೆ ಭಾನುವಾರ ಲೋಕಲ್ ಹಿಡಿದು ಬಂದವರ ನಾಲ್ಕು ಗಂಟೆಯಲ್ಲಿ ಒಂದು ಗಂಟೆ, ‘ನನ್ನ ಪಾತ್ರ ಇರೋದೇ ಹೀಗೆ’ ಎಂದು ಜೊತೆಯವರ ಚೀಲಕ್ಕೇ ಕೈಹಾಕುವ ಕಳ್ಳ ಪಾತ್ರದ ಜಗಳಕ್ಕೆ ಹೋದರೆ ಮುಂದಿನ ವಾರ ಕುರ್ಚಿ ಖಾಲಿ.

ಆಟ ಶುರುವಾಗುವ ಮುಂಚೆ ಒಂದು ದಿನ ಬರೀ ಮಾತಿಗೆ ಇಡಿ. ಪಾತ್ರ ಬರೆಯುವಾಗಲೇ ಎರಡು ಪ್ರಶ್ನೆ ಕೇಳಿ: ಈ ತಂಡದ ಜೊತೆ ಯಾಕಿದ್ದೀಯ? ಇವರಲ್ಲಿ ಯಾರನ್ನು ನಂಬುತ್ತೀಯ? ಉತ್ತರ ಹೊಳೆಯದಿದ್ದರೆ ಬೇರೆ ಪಾತ್ರ ಮಾಡಲಿ. ಮುಸುಕು ಹಾಕಿ ಮೂಲೆಯಲ್ಲಿ ಕೂರುವ ಒಂಟಿ ಸಲಗ ಕಾದಂಬರಿಗೆ ಚೆಂದ, ಐದು ಜನರ ಮೇಜಿಗಲ್ಲ.

ತಂಡದವರಿಂದಲೇ ಕದಿಯುವುದು, ಅವರನ್ನೇ ಹೊಡೆಯುವುದು ಬಂದಾಗ ದಾಳ ಮುಟ್ಟಬೇಡಿ. ಏನಾಯಿತೆಂದು, ಅದು ಯಾರ ಪಾತ್ರದ ಮೇಲೆ ನಡೆಯಿತೋ ಆ ಆಟಗಾರನೇ ಹೇಳಲಿ. ‘ಕೈಹಾಕುವಾಗಲೇ ಹಿಡಿದೆ’ ಅಂದರೆ ಅಲ್ಲಿಗೆ ಮುಗಿಯಿತು. ಈ ಒಂದು ನಿಯಮಕ್ಕೇ ಅರ್ಧ ಕಳ್ಳತನ ನಿಲ್ಲುತ್ತದೆ.

ಕೆಲವೊಮ್ಮೆ ತಂಟೆಯಲ್ಲ, ಲೆಕ್ಕ ತಪ್ಪಿರುತ್ತದೆ. ಆಟದ ಐದನೇ ಆವೃತ್ತಿಯ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ 20 ಅಡಿ ತ್ರಿಜ್ಯದ್ದು. 5 ಅಡಿಯ ಚೌಕದ ನಕ್ಷೆಯಲ್ಲಿ ಅಡ್ಡಕ್ಕೆ ಎಂಟು ಚೌಕ, ಒಳಗಿದ್ದ ಸ್ನೇಹಿತರಿಗೂ ಬೆಂಕಿ. 15 ಅಡಿ ತ್ರಿಜ್ಯದ ಡಾರ್ಕ್‌ನೆಸ್ ಎಂಬ ಕತ್ತಲೆ ಮಂತ್ರದೊಳಗೆ, ಕತ್ತಲಲ್ಲೂ ಕಾಣುವ ಡಾರ್ಕ್‌ವಿಷನ್ ಇದ್ದವರಿಗೂ ಕಾಣದು. ಮಂತ್ರದ ಕತ್ತಲನ್ನೂ ಸೀಳಿ ನೋಡುವ ಡೆವಿಲ್ಸ್ ಸೈಟ್ ಇರುವ ವಾರ್‌ಲಾಕ್ ಎಂಬ ಮಾಂತ್ರಿಕ ಪಾತ್ರದವನೊಬ್ಬನಿಗೇ ಮಜಾ. ‘ಒಳಗೆ ಯಾರ್ಯಾರಿದ್ದಾರೆ ನೋಡಿದೆಯಾ?’ ಎಂದು ದಾಳಕ್ಕೆ ಮೊದಲೇ ಕೇಳಿ.

ತಂಟೆ ಮಾಡುವವನ ಪಾತ್ರದ ಮೇಲೆ ಆಟದಲ್ಲಿ ಆಕಾಶದಿಂದ ಸಿಡಿಲು ಬೀಳಿಸಿ ಪಾಠ ಕಲಿಸಲು ಹೋಗಬೇಡಿ, ಹಟ ಹೆಚ್ಚುತ್ತದೆ ಅಷ್ಟೆ. ಚಹಾ ಬಿಡುವಿನಲ್ಲಿ ಬದಿಗೆ ಕರೆದು ನೇರವಾಗಿ ಹೇಳಿ. ಎರಡು ಸಲ ಹೇಳಿದರೂ ಬದಲಾಗದಿದ್ದರೆ ಮುಂದಿನ ಆಟಕ್ಕೆ ಕರೆಯಬೇಡಿ.